ಎರಡು ಒಲೆಯ ಮನೆ

ಅಜ್ಜಿಯ ಮಂಚದ ಮೇಲೆ ಯಾರೋ ಅಪರಿಚಿತ ಹುಡುಗಿ ಅಂಗಾತ ಮಲಗಿದ್ದಳು!

ಕೆಲಸ ಮುಗಿಸಿ ಮನೆಗೆ ಬಂದ ಪಶುವೈದ್ಯ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಕೈಯಲ್ಲಿ ಔಷಧಿಯ ಚೀಲ, ಅಂಗಿಯ ತುಂಬಾ ಕರುವಿನ ಕೂದಲು. ಆ ಹುಡುಗಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು, ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದಳು.

"ರೀ... ಯಾರ್ರೀ ನೀವು?"

"ಶ್! ಒಂದು ನಿಮಿಷ ಇರಿ," ಎಂದಳು, ತಿರುಗಿಯೂ ನೋಡದೆ. "ಅಜ್ಜಿಗೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಏನು ಕಾಣ್ಸುತ್ತೆ ಅಂತ ನೋಡ್ತಾ ಇದೀನಿ."

"ಏನು ಕಾಣ್ಸುತ್ತೆ?"

"ಟ್ಯೂಬ್‌ಲೈಟು. ಅದರೊಳಗೆ ಸತ್ತು ಬಿದ್ದಿರೋ ಹುಳ. ಅಷ್ಟೇ." ಅವಳು ಎದ್ದು ಕುಳಿತಳು. "ಇಷ್ಟು ವಯಸ್ಸಾದವರು ದಿನಾ ಬೆಳಿಗ್ಗೆ ಇದರ ಮುಖ ನೋಡ್ಕೊಂಡು ಏಳಬೇಕಾ? ಈ ಮನೆಯವರಿಗೆ ಯಾರಿಗೂ ಒಂದು ದಿನಾನೂ ಅನ್ನಿಸ್ಲಿಲ್ವಾ?"

ತನ್ನ ಮನೆಯಲ್ಲೇ ನಿಂತು ಯಾರೋ ದಾರಿಹೋಕಳಿಂದ ಬೈಸಿಕೊಂಡರೆ ಯಾರಿಗಾದರೂ ಸಿಟ್ಟು ಬರಬೇಕು. ಅವನಿಗೆ ಬರಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ಮೂಲೆಯ ಕುರ್ಚಿಯಿಂದ ಅಜ್ಜಿ ಕಿಲಕಿಲ ನಕ್ಕಳು. "ಹೊಸ ಮನೆಗೆ ಪ್ಲ್ಯಾನ್ ಹಾಕೋ ಆರ್ಕಿಟೆಕ್ಟ್ ಇವಳೇ ಕಣೋ. ನಾನು ಟೇಪಮ್ಮ ಅಂತ ಹೆಸರಿಟ್ಟಿದೀನಿ. ಟೇಪಮ್ಮ, ಇವನು ನನ್ನ ಮೊಮ್ಮಗ. ದನದ ಡಾಕ್ಟ್ರು."

ಅಯ್ಯೋ ದೇವರೇ! ಮನೆ ಮಗನನ್ನೇ ಹಿಡಿದು ಗದರಿಬಿಟ್ಟೆನಲ್ಲ... ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಅವನು ಮಾತ್ರ ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ಟ್ಯೂಬ್‌ಲೈಟಿನ ಹುಳ ತೆಗೆಯತೊಡಗಿದ.

ಅಂದೇ, ಆ ಗಳಿಗೆಯಲ್ಲೇ ಅವಳ ಎದೆಯಲ್ಲಿ ಏನೋ ಒಂದು ಸಣ್ಣಗೆ ಜಾರಿತು. ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ ಬಿಡಿ.

ಆ ಮನೆಯಲ್ಲಿದ್ದುದು ನಾಲ್ಕು ತಲೆಮಾರು. ಅಜ್ಜಿ. ಅಜ್ಜಿಯ ಮಗ ಮತ್ತು ಸೊಸೆ, ಅಂದರೆ ನಮ್ಮ ಡಾಕ್ಟರ ಅಪ್ಪ ಅಮ್ಮ. ಅಣ್ಣ, ಅತ್ತಿಗೆ, ಅವರ ಮಗಳು ಪುಟ್ಟಿ. ಇವರೆಲ್ಲರ ನಡುವೆ, ಮದುವೆಯ ಮಾತೆತ್ತಿದರೆ ಯಾವುದೋ ಹಸುವಿಗೆ ಜ್ವರ ಎಂದು ಎದ್ದು ಓಡುವ ಡಾಕ್ಟರು. ಇದ್ದ ಮನೆ ಸಾಲದಾಗಿತ್ತು. ಪಕ್ಕದ ಬೀದಿಯ ನಿವೇಶನದಲ್ಲಿ ಎಲ್ಲರೂ ಒಟ್ಟಿಗಿರುವಂಥ ಮನೆ ಕಟ್ಟಬೇಕೆಂದು ಹೊರಟಿದ್ದರು.

ಟೇಪಮ್ಮನಿಗೆ ಒಂದು ಪದ್ಧತಿಯಿತ್ತು. ಗೆರೆ ಎಳೆಯುವ ಮೊದಲು ಮನೆಯ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡುವುದು. ಏನು ಬೇಕು, ಏನು ಬೇಡ, ಯಾವುದರ ಭಯ. ಹೇಳಿದ್ದು ಅವಳ ಹೊಟ್ಟೆಯಲ್ಲೇ ಉಳಿಯಬೇಕು. ಗಂಡನ ಮಾತು ಹೆಂಡತಿಗೆ ಹೋಗಕೂಡದು, ಅತ್ತೆಯ ಮಾತು ಸೊಸೆಗೆ ತಲುಪಕೂಡದು.

"ಇದೇನಿದು, ಪತ್ತೇದಾರರ ಥರ?" ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು ನಕ್ಕಿದ್ದಳು.

"ಎಲ್ಲರನ್ನೂ ಒಟ್ಟಿಗೆ ಕೇಳಿ ನೋಡಿ. ನನಗೇನೂ ಬೇಡಪ್ಪ, ನಿಮಗೆ ಹೇಗೆ ಅನುಕೂಲವೋ ಹಾಗೆ ಅಂತಾರೆ. ಹಂಗೆ ಕಟ್ಟಿದ ಮನೇಲಿ ಯಾರಿಗೂ ಅನುಕೂಲ ಇರಲ್ಲ!"

ಅವನ ಸರದಿ ಬಂದಾಗ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಅವನು ಅಂಗಿಗಂಟಿದ್ದ ಕರುವಿನ ಕೂದಲನ್ನು ಒಂದೊಂದೇ ಕಿತ್ತ. ಆಮೇಲೆ ಹೇಳಿದ.

"ಒಂದೇ ಬಾಗಿಲು, ಒಂದೇ ಒಲೆ. ನನಗೆ ಅಷ್ಟೇ ಬೇಕು. ನಾನು ಚಿಕ್ಕೋನಿದ್ದಾಗ ಅಪ್ಪ, ಚಿಕ್ಕಪ್ಪ ಒಟ್ಟಿಗಿದ್ರು. ಆಮೇಲೆ ಎರಡನೇ ಒಲೆ ಬಂತು. ಅದರ ಹಿಂದೆ ನಡುಮನೇಲಿ ಗೋಡೆ ಬಂತು. ಚಿಕ್ಕಪ್ಪನ ಮಗ, ನಾನು ಒಂದೇ ತಟ್ಟೇಲಿ ಉಂಡೋರು. ಅವನ ದನಿ ಗೋಡೆ ಆಚೆ ಕೇಳೋದು, ಮಾತಾಡೋ ಹಾಗಿರಲಿಲ್ಲ. ಎಷ್ಟೋ ದಿನ ಆ ಗೋಡೆಗೆ ಕಿವಿ ಇಟ್ಕೊಂಡು ಅತ್ತಿದೀನಿ... ಇದು ನಮ್ಮಮ್ಮಂಗೂ ಗೊತ್ತಿಲ್ಲ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಆಳು, ಒಳಗೆ ಇನ್ನೂ ಆ ಗೋಡೆಗೆ ಕಿವಿಯಿಟ್ಟುಕೊಂಡೇ ಕೂತಿದ್ದಾನಲ್ಲ ಎನ್ನಿಸಿತು.

ಕಷ್ಟವೇನೆಂದರೆ, ಅದೇ ಮನೆಯಿಂದ ಇನ್ನೊಂದು ಬೇಡಿಕೆಯೂ ಬಂದಿತ್ತು. ಎರಡನೇ ಅಡುಗೆಮನೆ ಬೇಕು ಅಂತ! "ನಾನು ಕೇಳಿದೆ ಅಂತ ಮಾತ್ರ ಯಾರಿಗೂ ಗೊತ್ತಾಗಬಾರದು ಕಣಮ್ಮ, ಆಣೆ ಮಾಡು," ಎಂದು ಕೈ ಹಿಡಿದುಕೊಂಡು ಕೇಳಿದ್ದರು. ಯಾರು? ಅವಳು ಮಾತು ಕೊಟ್ಟಿದ್ದಾಳೆ, ಹಾಗಾಗಿ ಸದ್ಯಕ್ಕೆ ನಾನೂ ಬಾಯಿ ಬಿಡುವುದಿಲ್ಲ.

ಪ್ಲ್ಯಾನ್ ತೋರಿಸಿದ ದಿನ ಡಾಕ್ಟರು ಯಾವುದೋ ಊರಿಗೆ ದನಗಳಿಗೆ ಲಸಿಕೆ ಹಾಕಲು ಹೋಗಿದ್ದ. ಎರಡನೇ ಅಡುಗೆಮನೆ ಯಾರಿಗೆಂದು ಕೇಳದೆಯೇ ಉಳಿದವರೆಲ್ಲ ತಲೆಯಾಡಿಸಿದರು. ಅಪ್ಪ ಸಹಿ ಹಾಕಿದರು. ಪಾಯ ಹಾಕಿದ್ದಾಯಿತು.

ಆಮೇಲಿನ ತಿಂಗಳುಗಳು ಅವಳ ಬದುಕಿನ ಅತ್ಯಂತ ಸಿಹಿ ದಿನಗಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವನು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಸೈಟಿಗೆ ಬರುತ್ತಿದ್ದ. ಅವಳು ಒಂದೊಂದೇ ತೋರಿಸುತ್ತಿದ್ದಳು, ಅಜ್ಜಿಯ ಕೋಣೆಯ ಪಕ್ಕದ ಚಿಕ್ಕ ಕೋಣೆಯೊಂದನ್ನು ಬಿಟ್ಟು. ಅಜ್ಜಿಯ ಕಿಟಕಿ ತೀರಾ ಕೆಳಗಿತ್ತು, ಮಲಗಿದಲ್ಲಿಂದಲೇ ಬೀದಿ ಕಾಣಲಿ ಎಂದು. ಮೆಟ್ಟಿಲುಗಳು ಗಿಡ್ಡ, ಅರ್ಧಕ್ಕೆ ಬಂದಾಗ ಏದುಸಿರು ಬಿಟ್ಟವರಿಗೆ ಕೂರಲು ಒಂದು ಕಟ್ಟೆ. ಹಿಡಿದುಕೊಂಡು ಹತ್ತಲು ದೊಡ್ಡವರಿಗೊಂದು ಕಂಬಿ, ಅದರ ಕೆಳಗೆ ಪುಟ್ಟಿಯ ಎತ್ತರಕ್ಕೆ ಇನ್ನೊಂದು.

"ಪುಟ್ಟಿಗೂ ಒಂದಾ!" ಎಂದು ಅವನು ಬೆರಗಾದ.

"ಅವಳೂ ಈ ಮನೆಯವಳೇ ಅಲ್ವಾ?"

ಒಂದು ದಿನ ಹಿತ್ತಿಲ ಬಾಗಿಲ ಹೊರಗೆ ನಲ್ಲಿ ಮತ್ತು ಕೋಟು ತೂಗುಹಾಕುವ ಗೂಟ ಕಂಡು ನಿಂತ. "ನಾನಿದನ್ನ ಕೇಳೇ ಇರಲಿಲ್ಲ."

"ನೀವು ಕೇಳಿರಲಿಲ್ಲ. ನಿಮ್ಮ ಅಂಗಿ ಕೇಳ್ತು. ದನ ಮುಟ್ಟಿದ ಕೈ ತೊಳ್ಕೊಂಡು ಒಳಗೆ ಬರಬಹುದು ಅಂತ..."

ಅವನು ಅವಳನ್ನೇ ನೋಡಿದ. ಎಷ್ಟು ಗಮನಿಸ್ತಾಳೆ ಇವಳು! ಹೇಳದೇ ಇದ್ದದ್ದನ್ನೂ ಕೇಳಿಸಿಕೊಳ್ತಾಳೆ... ಅವಳು ಸುಮ್ಮನೆ ಗೋಡೆ ಅಳೆಯತೊಡಗಿದಳು, ಆಗಲೇ ಅಳೆದು ಮುಗಿಸಿದ್ದ ಗೋಡೆಯನ್ನು!

ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿ ಇದನ್ನೆಲ್ಲ ನೋಡಿಯೂ ನೋಡದವಳಂತೆ, "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡನ್ನೂ ಒಂದೇ ಸಲ ಮುಗಿಸಿದ್ರೆ ಚಪ್ಪರದ ಖರ್ಚಾದ್ರೂ ಉಳಿಯುತ್ತೆ," ಎಂದಳು. ಇಬ್ಬರೂ ಎರಡು ದಿಕ್ಕಿಗೆ ಓಡಿದರು.

ಅಷ್ಟು ಚೆನ್ನಾಗಿದ್ದದ್ದು ಒಂದು ಬೆಳಿಗ್ಗೆ ಮುರಿದುಬಿತ್ತು.

ಅಜ್ಜಿಯ ಕೋಣೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಅಂದು ಕಲ್ಲಿನ ಕಟ್ಟೆ ಕೂರಿಸಿದ್ದರು. ಸಿಂಕು ಬಂದಿತ್ತು. ಗೋಡೆಯಾಚೆ ದೊಡ್ಡ ಅಡುಗೆಮನೆ.

"ಇದೇನ್ರೀ?"

"ಅಡುಗೆಮನೆ..."

"ಅದು ಅಲ್ಲಿದೆಯಲ್ಲ?"

"ಇದು ಇನ್ನೊಂದು."

ಅವನ ಮುಖ ಬಿಳಿಚಿಕೊಂಡಿತು. "ಒಂದೇ ಒಲೆ ಅಂತ ಹೇಳಿದ್ದೆ ನಿಮಗೆ. ಯಾಕೆ ಅಂತಾನೂ ಹೇಳಿದ್ದೆ!"

"ನೆನಪಿದೆ. ಆದ್ರೆ ಈ ಮನೇಲಿ ನೀವೊಬ್ಬರೇ ಇರಲ್ವಲ್ಲ... ಅದಕ್ಕೇ ಆ ಗೋಡೇಲಿ ಕಿಟಕಿ ಇಟ್ಟಿದೀನಿ, ನೋಡಿ."

"ನಮ್ಮ ಹಳೇ ಗೋಡೇಲೂ ಮೊದಲು ಕಿಟಕಿ ಇತ್ತು. ಆಮೇಲೆ ಇಟ್ಟಿಗೆ ಇಟ್ಟು ಮುಚ್ಚಿದ್ರು!" ಅವನು ಆ ಕಿಟಕಿಯ ಕಡೆ ಕೈ ತೋರಿದ. "ಯಾರು ಕೇಳಿದ್ದು? ಅತ್ತಿಗೆ ತಾನೆ?"

ಅಲ್ಲ ಎನ್ನಲು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಅಲ್ಲ ಎಂದರೆ ಅವನು ಮುಂದಿನ ಹೆಸರು ಹೇಳುತ್ತಾನೆ. ಅದಕ್ಕೂ ಅಲ್ಲ ಎಂದರೆ ಅದರ ಮುಂದಿನದು. ಕೊನೆಗೆ ಉಳಿಯುವುದು ಯಾರು? ಒಂದು ಹೆಸರು ಹೇಳಿದರೆ ಇವನು ನನ್ನವನಾಗಿ ಉಳಿಯುತ್ತಾನೆ... ಕೊಟ್ಟ ಮಾತು ಹೋಗುತ್ತದೆ. ಮಾತು ಉಳಿಸಿಕೊಂಡರೆ ಇವನನ್ನು ಕಳೆದುಕೊಳ್ಳುತ್ತೇನೆ.

ಅವಳು ತಲೆ ತಗ್ಗಿಸಿ ನಿಂತಳು. ಆ ಮೌನವನ್ನು ಅವನು ಹೌದು ಎಂದೇ ತಿಳಿದ.

"ಮನೆ ಕಟ್ಟೋಕೆ ಕರೆದ್ರೆ ಮನೆ ಮುರೀತಾ ಇದೀರಲ್ರೀ! ನಾಳೆ ಈ ಗೋಡೆ ಒಡೆಸ್ತೀನಿ."

ಮೂಕ ಪ್ರಾಣಿಗಳ ನೋವನ್ನು ಕಣ್ಣಲ್ಲೇ ಓದುವ ಮನುಷ್ಯ, ಎದುರಿಗೆ ಕಣ್ಣೀರು ಹಾಕುತ್ತಾ ನಿಂತವಳನ್ನು ಓದದೇ ಹೋದ. ಗಂಡಸರೇ ಹೀಗೆ, ಏನು ಮಾಡುವುದು!

ಮರುದಿನ ಮನೆಮಂದಿಯೆಲ್ಲ ಸೈಟಿನಲ್ಲಿ ಸೇರಿದ್ದರು. ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸುತ್ತಾ, "ನಾನು ಕೇಳಿಲ್ಲಪ್ಪ, ಪುಟ್ಟಿ ಮೇಲಾಣೆ," ಎನ್ನುತ್ತಿದ್ದಳು. ಅಣ್ಣ ಮುಖ ಊದಿಸಿಕೊಂಡಿದ್ದ. ಮೇಸ್ತ್ರಿ ಸುತ್ತಿಗೆ ಹಿಡಿದು ಯಾರ ಮಾತು ಕೇಳುವುದೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ. ಟೇಪಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಸರೀರಿ ಆ ಕಡೆ," ಎಂದ ಡಾಕ್ಟರು.

"ಸರಿಯೋದಿಲ್ಲ. ಇದನ್ನ ಕೇಳಿದವರು ಬೇಡ ಅಂದ್ರೆ ನಾನೇ ಒಡೆಸ್ತೀನಿ. ಅಲ್ಲೀವರೆಗೂ ಇಲ್ಲ."

"ಹಾಗಾದ್ರೆ ಯಾರು ಅಂತ ಹೇಳ್ರೀ!"

"ಹೇಳಲ್ಲ."

"ಸಾಕು ಮಾಡೋ ನಿನ್ನ ಪೌರುಷ!"

ಎಲ್ಲರೂ ತಿರುಗಿದರು. ಅಜ್ಜಿ ಕುರ್ಚಿಯಿಂದ ಎದ್ದು ನಿಂತಿದ್ದಳು.

"ನಾನೇ ಕಣೋ ಕೇಳಿದ್ದು! ಆ ಹುಡುಗಿ ಹತ್ರ ಆಣೆ ಮಾಡಿಸ್ಕೊಂಡಿದ್ದೆ. ನಿಮ್ಮಮ್ಮ ನನ್ನನ್ನ ಹೂವಿನ ಹಾಗೆ ನೋಡ್ಕೋತಾಳೆ, ಇಲ್ಲ ಅನ್ನಲ್ಲ. ಆದ್ರೆ ಕೈಗೊಂದು ಸೌಟು ಕೊಡಲ್ಲ. ಪಾತ್ರೆ ಮುಟ್ಟಿದ್ರೆ 'ಬಿಡಿ ಅತ್ತೆ, ಕೂತ್ಕೊಳ್ಳಿ.' ಕೂತು ಕೂತು ಸೊಂಟ ಹಿಡಿದುಹೋಗಿದೆ! ಸಾಯೋ ಮುಂಚೆ ನನ್ನಿಷ್ಟಕ್ಕೆ, ನಿಧಾನಕ್ಕೆ, ಚೆಲ್ಲಿಕೊಂಡಾದ್ರೂ ಸರಿ, ಒಂದಿಷ್ಟು ಅಡುಗೆ ಮಾಡಬೇಕು ಅಂತ ಆಸೆ. ಇವಳಿಗೆ ಬೇಜಾರಾದೀತು ಅಂತ ಗುಟ್ಟಾಗಿ ಕೇಳಿದೆ. ತಪ್ಪಾ?"

ಅಷ್ಟರಲ್ಲಿ ಡಾಕ್ಟರ ಅಮ್ಮ ಜೋರಾಗಿ ಅಳಲು ಶುರುಮಾಡಿದರು.

"ನೋಡಿದ್ಯಾ, ಅದಕ್ಕೇ ಹೇಳಿರಲಿಲ್ಲ," ಎಂದಳು ಅಜ್ಜಿ ಕಂಗಾಲಾಗಿ.

"ಅಯ್ಯೋ ಅದಕ್ಕಲ್ಲ ಅತ್ತೆ..." ಅಮ್ಮ ಅಳುತ್ತಲೇ ನಗತೊಡಗಿದರು. "ನಾನೂ ಇವಳ ಹತ್ರ ಅದನ್ನೇ ಕೇಳಿದ್ದೆ!"

"ಏನಂದೆ?"

"ಇಷ್ಟು ವರ್ಷ ಆದ್ರೂ ನೀವು ಹಿಂದೆ ಬಂದು ನಿಂತ್ರೆ ನನ್ನ ಕೈ ನಡುಗುತ್ತೆ. ಉಪ್ಪು ಹಾಕಿದ್ಯಾ ಅಂತೀರಿ, ಹಾಕಿದ್ದು ಮರೆತುಹೋಗುತ್ತೆ, ಇನ್ನೊಂದು ಸಲ ಹಾಕ್ತೀನಿ. ನಿಮ್ಮನ್ನ ಕೂರಿಸೋದು ಅದಕ್ಕೇ! ನೀವು ನೊಂದ್ಕೋತೀರಿ ಅಂತ ನಾನೂ ಆಣೆ ಮಾಡಿಸ್ಕೊಂಡೆ."

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ ಮೊದಲು ನಕ್ಕಳು. ಆಮೇಲೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು, ಅತ್ತರು.

"ಮೇಸ್ತ್ರಿ, ಗೋಡೆ ಇರಲಿ," ಎಂದರು ಅಪ್ಪ. "ಕಿಟಕೀನ ಯಾರೂ ಮುಚ್ಚಕೂಡದು. ನನ್ನ ಮಾತು ಇಷ್ಟೇ."

ಎರಡೂ ಗುಟ್ಟನ್ನು ಹೊತ್ತುಕೊಂಡು, ಮನೆಮುರುಕಿ ಎನ್ನಿಸಿಕೊಂಡೂ ಬಾಯಿ ಬಿಡದೆ ನಿಂತವಳನ್ನು ಡಾಕ್ಟರು ಹುಡುಕಿದ. ಅವಳು ಆಗಲೇ ಹೊರಟುಹೋಗಿದ್ದಳು.

ಸಂಜೆ ಅವನು ಅವಳ ಆಫೀಸಿನ ಮೆಟ್ಟಿಲು ಹತ್ತಿದ. ಕೆಳಗೆ ದರ್ಜಿಯ ಅಂಗಡಿ, ಮೇಲೊಂದು ಕೋಣೆ. ಅವಳು ಮೇಜಿನ ಮೇಲೆ ಬೇರೆ ಯಾರದೋ ಮನೆಯ ನಕ್ಷೆ ಹರಡಿಕೊಂಡು ಕೂತಿದ್ದಳು. ಕಣ್ಣು ಊದಿಕೊಂಡಿತ್ತು.

"ತಪ್ಪಾಯ್ತು," ಎಂದ. "ಅತ್ತಿಗೆ ಹತ್ರಾನೂ ಕ್ಷಮೆ ಕೇಳಿ ಬಂದೆ. ಒಂದು ವಾರ ಪುಟ್ಟಿಗೆ ನಾನೇ ಸ್ನಾನ ಮಾಡಿಸ್ಬೇಕಂತೆ."

ನಗು ಬಂತು ಅವಳಿಗೆ. ತಡೆದುಕೊಂಡಳು. "ಕೂಗಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಮನೆ ಮುರಿಯೋಳು ಅಂದ್ರಲ್ಲ..."

"ಒಂದು ಮಾತು ಹೇಳಿಬಿಟ್ಟಿದ್ರೆ..."

"ಗೋಡೆಗೆ ಕಿವಿ ಇಟ್ಕೊಂಡು ನೀವು ಅತ್ತಿದ್ದನ್ನ ನಿಮ್ಮಮ್ಮಂಗೆ ಹೇಳಿಬಿಡ್ಲಾ?"

ಅವನು ಬೆಚ್ಚಿದ.

"ಹೇಳಲ್ಲ. ಯಾವತ್ತೂ ಹೇಳಲ್ಲ," ಎಂದಳು ಮೆಲ್ಲಗೆ. "ಅವರದ್ದೂ ಹಾಗೇ."

ಇಂಥವಳ ಮುಂದೆ ತಾನು ಎಷ್ಟು ಚಿಕ್ಕವನು ಎನ್ನಿಸಿತು. ಹಾಗೆ ಅನ್ನಿಸಿದ್ದೇ ಸುಖವಾಗಿತ್ತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ ಕಣ್ರೀ," ಎಂದುಬಿಟ್ಟ. "ಆ ಟ್ಯೂಬ್‌ಲೈಟು ದಿನದಿಂದಾನೂ."

ಅವಳು ಪೆನ್ಸಿಲು ಕೆಳಗಿಟ್ಟಳು.

"ಯೋಚನೆ ಮಾಡಿ ಹೇಳಿ ಡಾಕ್ಟ್ರೇ... ನಾನು ಆ ಮನೆಗೆ ಬಂದ ಮೇಲೂ ಹೀಗೇ ಇರ್ತೀನಿ. ಅವರು ಹೇಳಿದ್ದು ನಿಮಗೆ ಹೇಳಲ್ಲ, ನೀವು ಹೇಳಿದ್ದು ಅವರಿಗೆ ಹೇಳಲ್ಲ."

"ಹೇಳಬೇಡಿ. ಆದ್ರೆ ಈಗ ಹೇಳಿದ್ದೊಂದನ್ನ ಮಾತ್ರ ಹೊಟ್ಟೇಲಿ ಇಟ್ಕೋಬೇಡಿ. ಎಲ್ಲರಿಗೂ ಹೇಳಿ!"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅದು ಗುಟ್ಟಾಗಿದ್ರೆ ತಾನೆ! ನಿಮ್ಮ ಮನೆಯವರು ಒಬ್ಬೊಬ್ಬರಾಗಿ ಬಂದು, 'ನಮ್ಮ ಹುಡುಗನಿಗೆ ನಿನ್ನ ಮೇಲೆ ಮನಸ್ಸಿದೆ' ಅಂತ ಎಂದೋ ಹೇಳಿ ಆಗಿದೆ."

"ಅಯ್ಯೋ! ಯಾರ್ಯಾರು?"

"ಅದನ್ನ ಹೇಳೋ ಹಾಗಿಲ್ಲ."

"ಸರಿ... ನೀವೇನಂದ್ರಿ? ಅದು ನಿಮ್ಮದೇ ಮಾತು, ಅದನ್ನ ಹೇಳಬಹುದಲ್ಲ?"

ಅವಳು ತಲೆ ತಗ್ಗಿಸಿದಳು. "ನನಗೂ ಇಷ್ಟ ಅಂದೆ. ಆದ್ರೆ ನೀವಾಗೇ ಬಂದು ಹೇಳೋವರೆಗೂ ಯಾರೂ ಬಾಯಿ ಬಿಡಬಾರದು ಅಂತ ಆಣೆ ಮಾಡಿಸ್ಕೊಂಡೆ."

"ಅಂದ್ರೆ... ಇಡೀ ಮನೆಗೆ ಗೊತ್ತಿತ್ತು, ನನಗೊಬ್ಬನಿಗೇ ಇಲ್ಲ?"

"ಹೂಂ," ಎಂದಳು ಅವಳು, ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡು. "ಒಳ್ಳೇ ಜನ ರೀ ನಿಮ್ಮ ಮನೆಯವರು. ಕೊಟ್ಟ ಮಾತು ಉಳಿಸ್ಕೊಂಡ್ರು."