ಆರ್ಡಿತಳ ದನಿ ಇದ್ದ ಡಿಸ್ಕ್

ಒಂದೇ ಪಾಸ್‌ವರ್ಡನ್ನು ಮನೆಮಂದಿಗೆಲ್ಲ ಹಂಚಿ, ಅದಕ್ಕೆ ನಂಬಿಕೆಯೆಂದು ಹೆಸರಿಡುವವರಲ್ಲಿ ನೀವೂ ಒಬ್ಬರಲ್ಲವೇ? ಅಮೆರಿಕದಲ್ಲಿ ಸರೋವರದಂಚಿನ ಡುಲೂತ್ ಊರಿನ ಆರ್ಡಿತ್ ಸ್ಟೆನ್‌ಬರ್ಗಳ ಮನೆಯಲ್ಲೂ ಹಾಗೆಯೇ ನಡೆದಿತ್ತು.

ಸೋಮವಾರ ಬೆಳಗ್ಗೆ ಕಪಾಟು ತೆರೆದ ಮಾರಿತ್ ನಿಂತಲ್ಲೇ ನಿಂತಳು. ಮಡಚಿಟ್ಟ ಹಾಸಿಗೆಬಟ್ಟೆಗಳ ಪಕ್ಕದಲ್ಲಿ ಕಚೇರಿಯ ಕಂಪ್ಯೂಟರ್ ಕಡತಗಳನ್ನೆಲ್ಲ ಕಾಯುವ ಪೆಟ್ಟಿಗೆ. ಅದರಲ್ಲಿದ್ದ ಎರಡು ಡಿಸ್ಕುಗಳಲ್ಲಿ ಒಂದು ಮಾಯ! ಓಡಿಹೋಗಿ ಕಂಪ್ಯೂಟರಿನಲ್ಲಿ ನೋಡಿದಳು. ಗಿರಾಕಿಗಳ ತೆರಿಗೆ ಕಡತಗಳೆಲ್ಲ ಇದ್ದವು. ಆರ್ಡಿತಳ ದನಿ ಮಾತ್ರ ಇರಲಿಲ್ಲ.

ಆರ್ಡಿತ್ ಮತ್ತು ಗಂಡ ರಾಯ್ಸ್ ಮನೆಯ ಮಹಡಿಯಲ್ಲೇ ತೆರಿಗೆ ಲೆಕ್ಕದ ಕಚೇರಿ ನಡೆಸುತ್ತಿದ್ದರು. ಮಾರಿತ್ ಅವರ ಏಕೈಕ ನೌಕರಳು. ಮೂವರೂ ಬಳಸಲೆಂದು ಆ ಪೆಟ್ಟಿಗೆಯನ್ನು ಜೋಡಿಸಿದವಳೂ ಅವಳೇ. ಕ್ಯಾನ್ಸರಿಗೆ ಗಂಟಲು ಕೊಡುವ ಮೊದಲು ಆರ್ಡಿತ್ ಚಳಿಗಾಲವಿಡೀ ಕುಳಿತು ಸಾವಿರಾರು ವಾಕ್ಯಗಳನ್ನು ಓದಿ, ಮುದ್ರಿಸಿ ಅದರೊಳಗಿಟ್ಟಿದ್ದಳು. ಅವಳು ಬೆರಳಿನಿಂದ ಬರೆದದ್ದನ್ನು ಯಂತ್ರವೊಂದು ಅವಳದೇ ದನಿಯಲ್ಲಿ ನುಡಿಯಬೇಕಿತ್ತು. ಆ ದನಿಯ ಬೇರೆ ಪ್ರತಿ ಎಲ್ಲೂ ಇರಲಿಲ್ಲ.

"ಇವಳದೇ ಕೆಲಸ!" ರಾಯ್ಸ್ ಮಾರಿತಳತ್ತ ಬೆರಳು ತೋರಿ ಗುಡುಗಿದ. "ಹೋದ ತಿಂಗಳು ಆರ್ಡಿತ್ ಚೀಟಿ ಬರೆದು ಬೈದಳಲ್ಲ, ಅದರ ಸೇಡು. ಆ ಡಬ್ಬದ ಒಳಹೊರಗು ಇನ್ಯಾರಿಗೆ ಗೊತ್ತು?"

ಪಕ್ಕದ ಮನೆಯ ವರ್ನಾ ಕಾಫಿ ಲೋಟ ಹಿಡಿದೇ ಬಂದಿದ್ದಳು. ಪೊಲೀಸ್ ಪತ್ತೇದಾರಳಾಗಿ ನಿವೃತ್ತಳಾದವಳು.

"ಪಾಸ್‌ವರ್ಡ್ ಯಾರ್ಯಾರ ಹತ್ರ ಇದೆ, ಮಗು?"

"ಮೂವರ ಹತ್ರಾನೂ. ಒಂದೇ." ಮಾರಿತ್ ಪೆಟ್ಟಿಗೆಯತ್ತ ಕೈ ತೋರಿದಳು. "ಯಾರು ಏನು ಮಾಡಿದ್ರೂ ಅದರ ದಾಖಲೆಯಲ್ಲಿ 'ಕಚೇರಿ' ಅಂತಷ್ಟೇ ಹೆಸರು ಬರುತ್ತೆ."

"ರಾಯ್ಸ್, ನಿನಗೇನನ್ನಿಸುತ್ತೆ? ಏನಾಗಿರಬಹುದು?"

"ಅನ್ನಿಸೋದೇನು ಬಂತು? ದನಿ ಇದ್ದ ಡಿಸ್ಕ್ ಹೊತ್ಕೊಂಡು ಹೋಗಿದಾಳೆ. ತೆರಿಗೆಯದು ಇನ್ನೊಂದರಲ್ಲಿತ್ತು, ಉಳೀತು. ನಮ್ಮ ಪುಣ್ಯ!"

ವರ್ನಾ ಲೋಟವನ್ನು ಕೆಳಗಿಟ್ಟಳು.

"ಮಾರಿತ್, ಯಾವುದರಲ್ಲಿ ಏನಿತ್ತು?"

"ಎರಡರಲ್ಲೂ ಎಲ್ಲಾನೂ ಇತ್ತು. ಒಂದು ಕೆಟ್ರೂ ಇನ್ನೊಂದು ಇರಲಿ ಅಂತಾನೇ ಎರಡು ಹಾಕಿದ್ದು."

"ಅಂದ್ಮೇಲೆ ಒಂದನ್ನು ಕಿತ್ತರೆ ದನಿ ಹೋಗಲ್ಲ?"

"ಹೋಗಲ್ಲ. ಅದನ್ನ ಯಾರೋ ಬೇರೆಯಾಗಿ ಅಳಿಸಿದಾರೆ."

"ನೋಡಿದ್ರಾ? ಅವಳ ಬಾಯಿಂದಲೇ ಬಂತು!" ಎಂದ ರಾಯ್ಸ್.

"ಬಾಯಿ ಬಿಟ್ಟವನು ನೀನು, ರಾಯ್ಸ್. ಈ ಹುಡುಗಿಗೆ ಕೇಡು ಮಾಡೋ ಮನಸ್ಸಿದ್ದಿದ್ರೆ ಕೂತಲ್ಲೇ ಅಳಿಸ್ತಿದ್ದಳು. ಡಿಸ್ಕ್ ಮುಟ್ಟೋ ಅಗತ್ಯವೇ ಇರಲಿಲ್ಲ. ಅದನ್ನ ಕಿತ್ತವನಿಗೆ ದನಿ ಒಂದರಲ್ಲೇ ಇದೆ ಅನ್ನೋ ಭ್ರಮೆ. ಕಿತ್ತ. ಕಂಪ್ಯೂಟರ್ ನೋಡಿದ—ದನಿ ಹಾಗೇ ಇದೆ! ಆಮೇಲೆ ಅಳಿಸಿದ. ಪಾಸ್‌ವರ್ಡ್ ಇರೋ ಮೂವರಲ್ಲಿ ಆ ಭ್ರಮೆ ಇದ್ದದ್ದು ಯಾರಿಗೆ? ಈಗಷ್ಟೇ ಹೇಳಿದೆಯಲ್ಲ."

ಮಾರಿತಳ ಎದೆಯಲ್ಲಿ ಆಸೆಯೊಂದು ಚಿಮ್ಮಿತು.

"ಹಾಗಾದ್ರೆ ಮೊದಲೇ ಕಿತ್ತ ಡಿಸ್ಕಿನಲ್ಲಿ ದನಿ ಇನ್ನೂ ಇದೆ! ರಾಯ್ಸ್, ಕೊಟ್ಬಿಡಿ. ಯಾರಿಗೂ ಹೇಳಲ್ಲ. ಎಲ್ಲಿದೆ?"

ರಾಯ್ಸ್ ನಕ್ಕ.

"ಸುತ್ತಿಗೆಯಲ್ಲಿ ಪುಡಿ ಮಾಡಿ ಸರೋವರಕ್ಕೆ ಎಸೆದೆ. ಈಜು ಬರುತ್ತಾ?"

"ಯಾಕೆ?" ವರ್ನಾಳ ದನಿ ಇಳಿದಿತ್ತು.

"ಮೂವತ್ತು ವರ್ಷ ಆ ದನಿ ಕೇಳಿದೀನಿ. ಅದು ಮಾಡು, ಇದು ಮಾಡಬೇಡ. ದೇವರೇ ಅದರ ಬಾಯಿ ಮುಚ್ಚಿಸಿದ್ದ. ಯಂತ್ರ ತಂದು ಮತ್ತೆ ತೆರೆಸೋಕೆ ಹೊರಟಿದ್ರಿ. ಪಾಸ್‌ವರ್ಡ್ ನನ್ನದೂ ಹೌದು, ಡಬ್ಬ ನನ್ನದೂ ಹೌದು. ಯಾವ ಕೇಸು ಹಾಕ್ತೀಯ?"

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಆರ್ಡಿತ್ ಕೈಯ ಯಂತ್ರದ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಅಪರಿಚಿತ ಹೆಂಗಸಿನ ಚಪ್ಪಟೆ ದನಿಯೊಂದು ನುಡಿಯಿತು:

"ಮನೆ ಬಿಟ್ಟು ಹೋಗು."

"ಯಾರಮ್ಮ ನೀನು?" ರಾಯ್ಸ್ ಆ ಯಂತ್ರದತ್ತ ಬಗ್ಗಿ ಕೇಳಿದ. "ಪರಿಚಯವೇ ಇಲ್ಲವಲ್ಲ!"

ಮಾರಿತ್ ಮುಖ ಮುಚ್ಚಿಕೊಂಡಳು. ಆರ್ಡಿತ್ ಅಳಲಿಲ್ಲ, ಅವನ ಕೋಟನ್ನು ಬಾಗಿಲಾಚೆಯ ಹಿಮಕ್ಕೆ ಎಸೆದಳು.

ರಾಯ್ಸ್ ಈಗ ಅದೇ ಊರಿನ ಇನ್ನೊಂದು ಬೀದಿಯಲ್ಲಿ ನೆಮ್ಮದಿಯಾಗಿದ್ದಾನೆ. ಅಂಗಡಿ, ಚರ್ಚು, ಬಸ್ಸು ಎಲ್ಲೆಡೆ ನಗುತ್ತ ಮಾತಿಗೆಳೆಯುತ್ತಾನೆ. ಕಾನೂನು ಅವನನ್ನು ಮುಟ್ಟಲಿಲ್ಲ. ನಾವು ಮುಟ್ಟಬಲ್ಲೆವು. ಓದುಗರೇ, ಅಂಥವನು ನಿಮ್ಮ ಊರಲ್ಲೂ ಇರುತ್ತಾನೆ. ಅವನು ಕುಶಲ ಕೇಳಿದಾಗ, ದಯವಿಟ್ಟು ಒಂದು ಮಾತನ್ನೂ ಆಡಬೇಡಿ.