ಬರಿದಾದ ಮೇಲೂ ತಿರುಗಿದ ಚಕ್ರ

ಬೆಳ್ಗಲ್ಲ ದುರ್ಗದ ಶಿಖರವನ್ನು ಸೂರ್ಯನ ಮೊದಲ ಕಿರಣ ಮುಟ್ಟುವ ಮುನ್ನವೇ ಪಾತಾಳಬಾವಿಯ ನೀರೆತ್ತುವ ಕಪಿಲೆಗಳು ಕಿರುಗುಟ್ಟುತ್ತಿದ್ದವು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಜಗ್ಗಿದಂತೆಲ್ಲ ತೊಗಲಿನ ಚೀಲಗಳು ತುಂಬಿ ಮೇಲೇರುತ್ತಿದ್ದವು. ಕಲ್ಲಿನ ಕಾಲುವೆಗೆ ಸುರಿದ ನೀರು ಅರಮನೆಯ ಉದ್ಯಾನ, ಬಸದಿಯ ಅಂಗಳ, ಗಜಶಾಲೆ, ಅಗಸರ ಕೇರಿಗಳನ್ನು ಹಾದು ರಾಜಧಾನಿಯನ್ನು ಎಬ್ಬಿಸುತ್ತಿತ್ತು. ಎಷ್ಟೋ ಶತ್ರುಗಳು ಈ ದುರ್ಗವನ್ನು ಮುತ್ತಿ ಬರಿಗೈಯಲ್ಲಿ ಮರಳಿದ್ದರೆ, ಅದಕ್ಕೆ ಕತ್ತಿಗಿಂತ ಈ ನೀರೇ ಹೆಚ್ಚು ಕಾರಣ.

ಆ ಬಾವಿಯ ಮಗ್ಗುಲಲ್ಲಿ ಈಗ ತೇಗದ ಮಹಾಚಕ್ರವೊಂದು ನಿಂತಿತ್ತು. ಅದರ ಅರಗಳಲ್ಲಿ ಪಾದರಸದ ನಳಿಗೆಗಳನ್ನು ಓರೆಯಾಗಿ ಅಡಕಿದವನು ಸ್ಥಪತಿ ಬಮ್ಮೋಜ. ಪಾದರಸ ಸರಿದ ಬದಿ ಭಾರವಾಗಿ ಇಳಿಯಬೇಕು, ಇಳಿದಂತೆ ಮುಂದಿನ ನಳಿಗೆ ಭಾರವಾಗಬೇಕು. ಹೀಗೆ ಎತ್ತಿಲ್ಲದೆ, ಗಾಳಿಯಿಲ್ಲದೆ ಚಕ್ರ ಅನವರತ ತಿರುಗಿ ನೀರೆತ್ತಬೇಕು. ಶಾಸ್ತ್ರವೇನೋ ಬೆಣ್ಣೆಯಷ್ಟು ನುಣುಪಾಗಿತ್ತು. ಚಕ್ರ ಮಾತ್ರ ಕೈಯಿಂದ ನೂಕಿದರೆ ನಾಲ್ಕು ಸುತ್ತು ಸುತ್ತಿ, ತೂಕಡಿಸುವ ಮುದುಕನಂತೆ ತೂಗಿ ನಿಲ್ಲುತ್ತಿತ್ತು.

ಊರೆಲ್ಲ ನಕ್ಕಿತು. ಹೆಂಡತಿ ಜಕ್ಕವ್ವೆಯಂತೂ, "ಯಾರೂ ನೂಕದೆ ದಿನವಿಡೀ ತಿರುಗುವವಳು ಈ ಮನೆಯಲ್ಲಿ ನಾನೊಬ್ಬಳೇ" ಎಂದು ಮುಖಕ್ಕೇ ಹೇಳಿದಳು. ನಗದವರು ಒಬ್ಬರೇ, ಪ್ರಧಾನ ಗೊಗ್ಗಿಮಯ್ಯ. ಕಡಲಾಚೆಯ ಪಾದರಸ ತರಿಸಿದವರು ಅವರು; ಅಡಿಪಾಯ ಭದ್ರವಾಗಲೆಂದು ತಮ್ಮ ಕಲ್ಲುಕುಟಿಗರಿಂದಲೇ ಚಕ್ರದಡಿಯ ಕಟ್ಟೆ ಕಟ್ಟಿಸಿಕೊಟ್ಟವರೂ ಅವರೇ. ಪರೀಕ್ಷೆ ಸೋತಾಗಲೆಲ್ಲ, "ಇನ್ನೊಮ್ಮೆ ನೋಡೋಣ, ಓಜರೇ" ಎನ್ನುತ್ತಿದ್ದರು. ಒಮ್ಮೆ ಬಮ್ಮೋಜ ಅವರ ಮುಂದೆ ಅತ್ತೇಬಿಟ್ಟಾಗ ಬೆನ್ನು ಸವರಿ, ತಮ್ಮ ಪಂಕ್ತಿಯಲ್ಲೇ ಕೂರಿಸಿ ಉಣಿಸಿದ್ದರು. ಅಂಥವರು ಆಸ್ಥಾನದಲ್ಲಿ ಪಣದ ವೀಳ್ಯದ ಹರಿವಾಣ ಮುಂದೆ ಸರಿಸಿದಾಗ ಬಮ್ಮೋಜ ಹಿಂದೆಮುಂದೆ ನೋಡಲಿಲ್ಲ. ವೀಳ್ಯವನ್ನೆತ್ತಿ ಅರಸ ಬೀರದೇವನೆದುರು ನುಡಿದ: "ನನ್ನ ಕಾರಣದಿಂದ ದುರ್ಗಕ್ಕೆ ನೀರು ತಪ್ಪಿದರೆ ನನ್ನ ತಲೆ ದೇವರ ಪಾದಕ್ಕೆ."

ಮುಂದಿನ ಪರೀಕ್ಷೆಯಲ್ಲಿ ಚಕ್ರ ಉದಯದಿಂದ ಅಸ್ತಮಾನದವರೆಗೆ ತಿರುಗಿತು. ಹುಣ್ಣಿಮೆಯಂದು ಕಪಿಲೆಯ ಎತ್ತುಗಳನ್ನು ಬೆಟ್ಟದಿಂದ ಇಳಿಸಿ ಪ್ರಧಾನರ ವಶಕ್ಕೆ ಕೊಡಬೇಕೆಂದು ಅಪ್ಪಣೆಯಾಯಿತು.

ಹುಣ್ಣಿಮೆಯ ಹಿಂದಿನ ಬೆಳಗ್ಗೆ, ಸೋರುತ್ತಿದ್ದ ನಳಿಗೆಗಳಿಗೆ ಅರಗು ಮೆತ್ತಲೆಂದು ಬಮ್ಮೋಜ ಪಾದರಸವನ್ನೆಲ್ಲ ಬಸಿದ. ಚಕ್ರವನ್ನು ಕೊಂಚ ಹೊರಳಿಸಿಕೊಳ್ಳಲು ಅದರ ಬೆಣೆ ತೆಗೆದ. ಚಕ್ರ ತಿರುಗತೊಡಗಿತು.

ಹೊಟ್ಟೆ ಬರಿದಾದ ಚಕ್ರ ತಿರುಗುತ್ತಿತ್ತು. ಒಂದು ಕ್ಷಣ, ಪಾಪ, ಅವನಿಗೆ ಸಂತೋಷವೇ ಆಯಿತು. ಆಮೇಲೆ ಕಟ್ಟೆಗೆ ಕಿವಿಯಿಟ್ಟ. ಒಳಗೆ ಗಂಡಾಳುಗಳು ಏದುಸಿರು ಬಿಡುತ್ತ ಏನನ್ನೋ ತುಳಿಯುತ್ತಿದ್ದರು.

ಆಗಲೂ ಅವನಿಗೆ ತೋಚಿದ್ದು, ಪ್ರಧಾನರಿಗೆ ಯಾರೋ ಮೋಸ ಮಾಡಿದ್ದಾರೆ ಎಂದೇ. ಎಚ್ಚರಿಸಲು ಓಡಿದ.

ಗೊಗ್ಗಿಮಯ್ಯ ಎಲೆಗೆ ಸುಣ್ಣ ಸವರುತ್ತಿದ್ದರು. ಅಚ್ಚರಿಯನ್ನು ನಟಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

"ತಿಳಿಯಿತೇ? ಕುಳಿತುಕೊಳ್ಳಿ, ಓಜರೇ."

"ಒಡೆಯರೇ, ಚಕ್ರ ತಾನಾಗಿ ತಿರುಗದೆಂದು ತಮಗೆ ಯಾವಾಗ ತಿಳಿಯಿತು?"

"ಮೊದಲ ದಿನವೇ. ಅದು ತಿರುಗಲೆಂದು ನಾನು ಹೊನ್ನು ಸುರಿಯಲಿಲ್ಲ, ಅರಸರು ನಂಬಲೆಂದು ಸುರಿದೆ. ನಾಳೆ ಎತ್ತುಗಳು ಇಳಿಯುತ್ತವೆ, ಆಮೇಲೆ ನನ್ನ ಆಳುಗಳೂ ಕಟ್ಟೆಯಿಂದ ಹೊರಬರುತ್ತಾರೆ. ಬಡಗಣ ಅರಸನ ಸೈನ್ಯ ಕಣಿವೆಯಲ್ಲಿದೆ. ಬಾಯಾರಿದ ಊರು ತಾನೇ ಬಾಗಿಲು ತೆರೆಯುತ್ತದೆ, ಇಲ್ಲಿ ನಾನು ಆತನ ಮಾಂಡಲಿಕನಾಗುತ್ತೇನೆ. ನೀವು ಸುಮ್ಮನಿದ್ದರೆ ಶಾಸನದಲ್ಲಿ ನಿಮ್ಮ ಹೆಸರಿರುತ್ತದೆ. ಬಾಯಿಬಿಟ್ಟರೆ, ವೀಳ್ಯ ಹಿಡಿದ ಕೈ ನಿಮ್ಮದು, ತಲೆಯೂ ನಿಮ್ಮದೇ."

"ನಾನು ಅತ್ತ ದಿನ ತಾವು ಬೆನ್ನು ಸವರಿದಿರಿ."

"ಅಳುವವರ ಬೆನ್ನು ಸವರಬೇಕು. ಇಲ್ಲವಾದರೆ ಕೆಲಸ ಬಿಟ್ಟು ಹೋಗುತ್ತಾರೆ."

ಮನೆಯಲ್ಲಿ ಎಲ್ಲವನ್ನೂ ಕೇಳಿದ ಜಕ್ಕವ್ವೆ ಈ ಸಲ ನಗಲಿಲ್ಲ. "ಊರಿನ ಗಂಟಲು ಒಣಗಿಸಿ ಉಳಿಸಿಕೊಂಡ ತಲೆಗೆ ನಾನು ಯಾವ ಕೈಯಿಂದ ಎಣ್ಣೆ ಹಚ್ಚಲಿ?" ಎಂದು ಮುಖ ತಿರುಗಿಸಿ ಅತ್ತಳು.

ಹುಣ್ಣಿಮೆಯಂದು ಬಾವಿಯ ಬಳಿ ಸಭೆ ನೆರೆದಿತ್ತು. ಹೂವಿನ ಹಾರ ಹಾಕಿದ ಎತ್ತುಗಳು ಇಳಿಯಲು ಸಿದ್ಧವಾಗಿದ್ದವು. ಬಮ್ಮೋಜ ಅರಸನಿಗೆ ವಂದಿಸಿ, ಒಂದೊಂದೇ ನಳಿಗೆ ತೆರೆದು, ರಾತ್ರಿ ಮತ್ತೆ ತುಂಬಿಟ್ಟಿದ್ದ ಪಾದರಸವನ್ನು ಚಪ್ಪಡಿಯ ಮೇಲೆ ಸುರಿದ. ಬಳಿಕ ಬೆಣೆ ಕಿತ್ತ. ಒಳಗಿನವರಿಗೆ ಅದೇ ಸಂಜ್ಞೆ. ಚಕ್ರ ಗಂಭೀರವಾಗಿ ತಿರುಗಿತು.

"ದೇವ, ಇದು ನನ್ನ ವಿದ್ಯೆಯಿಂದ ತಿರುಗುತ್ತಿಲ್ಲ, ಎಂದೂ ತಿರುಗಿರಲಿಲ್ಲ. ಕಟ್ಟೆ ಒಡೆಸಿ ನೋಡಬೇಕು. ಪ್ರಧಾನರೇ ಬಡಗಣ ಸೈನ್ಯವನ್ನು ಕಣಿವೆಗೆ ಕರೆಸಿದ್ದಾರೆ. ನನ್ನ ತಲೆ ತೆಗೆಯಿರಿ, ಎತ್ತುಗಳನ್ನು ಮಾತ್ರ ಇಳಿಸಬೇಡಿ."

ಕಟ್ಟೆ ಒಡೆದಾಗ ಒಳಗೆ ಸಿಕ್ಕ ಆಳುಗಳು ಉಂಡ ಜೋಳದ ಋಣಕ್ಕೆ ಕಟ್ಟುಬಿದ್ದು ಒಡೆಯನ ಹೆಸರೆತ್ತಲಿಲ್ಲ. ಗೊಗ್ಗಿಮಯ್ಯ, "ದೇವ, ಈ ವಂಚಕ ನನ್ನನ್ನೂ ವಂಚಿಸಿದ. ಈಗಲೇ ಶಿರಚ್ಛೇದವಾಗಲಿ" ಎಂದರು.

"ಅವಸರವೇನು, ಪ್ರಧಾನರೇ?" ಎಂದ ಅರಸ. ಎತ್ತುಗಳು ಕಪಿಲೆಯ ಇಳಿಜಾರಿಗೆ ಮರಳಿದವು, ಕೋಟೆಯ ಬಾಗಿಲುಗಳು ಮುಚ್ಚಿದವು, ಬಮ್ಮೋಜ ಸೆರೆಮನೆ ಸೇರಿದ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದು ಸಂಜೆಯೇ ಪ್ರಧಾನರು ಹಿಂಗೋಟೆಯಿಂದ ಹಗ್ಗ ಇಳಿದು ಶತ್ರುಪಾಳೆಯ ಸೇರಿದರು. ಬೇಸಗೆಯುದ್ದಕ್ಕೂ ಮುತ್ತಿಗೆ ನಡೆಯಿತು. ಕಪಿಲೆಗಳು ನಿಲ್ಲಲಿಲ್ಲ, ನೀರು ಬತ್ತಲಿಲ್ಲ. ಬಡಗಣ ಸೈನ್ಯವೇ ಬಳಲಿ ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿತು.

ಅರಸನೇ ಸೆರೆಮನೆಗೆ ಬಂದ. "ನೀರು ತಪ್ಪಿದರೆ ತಲೆ ಎಂದಿರಿ. ತಪ್ಪಲಿಲ್ಲ, ಓಜರೇ" ಎಂದು ತನ್ನ ಕೈಯ ಹೊನ್ನಿನ ಕಡಗವನ್ನು ತೊಡಿಸಿ, "ಇನ್ನೇನು ಬೇಕು?" ಎಂದು ಕೇಳಿದ.

"ಆ ಚಕ್ರವನ್ನು ಒಡೆದು ಕಪಿಲೆಗೆ ಗಾಲಿ ಮಾಡಲು ಅಪ್ಪಣೆ."

ಒಡೆಯುವ ಮುನ್ನ ಬಮ್ಮೋಜ ಚಕ್ರವನ್ನು ಒಮ್ಮೆ ಕೈಯಿಂದ ನೂಕಿದ. ಅದು ನಾಲ್ಕು ಸುತ್ತು ಸುತ್ತಿ, ತೂಗಿ, ನಿಂತಿತು.

"ನಗು, ಜಕ್ಕವ್ವೆ" ಎಂದ. "ಊರೆಲ್ಲ ನಕ್ಕಾಗ ನನಗೆ ನೋವಾಗಲಿಲ್ಲ. ನಂಬಿದವರು ಒಬ್ಬರಾದರೂ ಇದ್ದಾರೆಂದುಕೊಂಡಿದ್ದೆ."

ಜಕ್ಕವ್ವೆ ನಗಲಿಲ್ಲ. ಬಾಚಿಯನ್ನು ಅವನ ಕೈಗಿತ್ತು, ಮೊದಲ ಅರವನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಳು.