ಅಪ್ಪನ ಪುಟಕ್ಕೆ ಏಳು ದಿನ

"ಅಳೋದಾದ್ರೆ ಸ್ವಲ್ಪ ಆ ಕಡೆ ತಿರುಗಿ ಅಳಿ! ಮೂವತ್ತು ವರ್ಷದ ಪೇಪರು, ನೀರು ಬಿದ್ರೆ ಹರಿದೇ ಹೋಗುತ್ತೆ."

ಅವಳು ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಗ್ರಂಥಾಲಯದವನು. ಕೈಯಲ್ಲಿ ಬೀಗದ ಗೊಂಚಲು, ಮುಖದಲ್ಲಿ ಗಾಬರಿ. ಆ ಗಾಬರಿಯೂ ಅವಳಿಗಾಗಿ ಅಲ್ಲ, ಹಳೇ ಪೇಪರಿಗಾಗಿ!

"ನಿಮಗೆ ಮನುಷ್ಯರಿಗಿಂತ ಪೇಪರೇ ಹೆಚ್ಚಾ?"

"ಮನುಷ್ಯರಿಗೆ ಕರ್ಚೀಫ್ ಇರುತ್ತೆ." ಅವನು ತನ್ನದನ್ನೇ ಚಾಚಿದ. "ಪೇಪರಿಗೆ ಏನಿದೆ ಹೇಳಿ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಹಾಳಾದ ನಗು, ಬರಬಾರದ ಹೊತ್ತಿನಲ್ಲೇ ಬರುತ್ತದೆ.

"ಏನು ಹುಡುಕ್ತಿದ್ದೀರಿ?"

"ನಮ್ಮಪ್ಪನ ಹೆಸರು. ಎಲ್ಲಾದ್ರೂ... ಒಂದೇ ಒಂದು ಸಲ ಅಚ್ಚಾಗಿದ್ರೆ ಸಾಕು. ಏಳು ದಿನದೊಳಗೆ ಸಿಗ್ಬೇಕು."

ಏಳೇ ದಿನ ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಅವಳ ಅಪ್ಪ ಕೃತಕ ಕಾಲು ಮಾಡುವವರು. ನೆಲದ ಮೇಲೆ ಮಡಚಿ ಕೂರಲು ಬರುವಂಥ ಮೊಣಕಾಲಿನ ಕೀಲನ್ನು ತಾವೇ ಯೋಚಿಸಿ, ತಾವೇ ಅರ ಹಾಕಿ ಉಜ್ಜಿ ಮಾಡಿದ್ದರು. ಹೇಳಿಕೊಂಡು ತಿರುಗಿದವರಲ್ಲ. ಮಗಳೂ ಅದೇ ಕೆಲಸದ ಮನೆಯಲ್ಲಿ ಕಾಲಿನ ಅಚ್ಚು ತೆಗೆಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಸದಾ ಬಿಳಿ ಪ್ಲಾಸ್ಟರು.

ನಲವತ್ತು ವರ್ಷ ಕುಡಿದ ಆ ಧೂಳು ಈಗ ಅಪ್ಪನ ಎದೆಯಲ್ಲಿ ಕೂತಿತ್ತು. ಮೂಗಿಗೆ ನಳಿಕೆ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರು. "ಹೆಚ್ಚೆಂದ್ರೆ ಒಂದು ತಿಂಗಳು," ಎಂದಿದ್ದರು ಡಾಕ್ಟರು.

ಆ ದಿನವೇ ಅವಳು ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ ಅಪ್ಪನ ಮೇಲೊಂದು ಪುಟ ಬರೆದಳು. ತಾನು ಮಗಳು ಎಂದು ಹೇಳಲಿಲ್ಲ. ಅಲ್ಲಿ ಅವಳ ಹೆಸರು 'ಕಾಗದದ ದೋಣಿ'.

ಬೆಳಿಗ್ಗೆ ಎದ್ದು ಅದನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇನ್ನೊಂದ್ಸಲ... ಓದು."

ಆಮೇಲೆ ಒಂದು ದಿನ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿ ಬಂದು ಕೂತಿತು! ಹಾಕಿದವನು 'ಇರುವೆ' ಎಂಬ ಸಂಪಾದಕ. 'ಯಾವ ಆಧಾರವೂ ಇಲ್ಲ. ಮನೆಯವರೇ ಬರೆದ ಪ್ರಚಾರದಂತಿದೆ. ಏಳು ದಿನ ಚರ್ಚೆ ನಡೆದ ಮೇಲೆ ಅಳಿಸಬಹುದು.'

ಅವಳು ಕೆಂಪು ಪಟ್ಟಿಯನ್ನು ಬಿಟ್ಟು ಉಳಿದದ್ದನ್ನು ಅಪ್ಪನಿಗೆ ಓದಿದಳು. ಮಧ್ಯಾಹ್ನ ಗ್ರಂಥಾಲಯಕ್ಕೆ ಓಡಿದಳು.

ಆಮೇಲಿನ ನಾಲ್ಕು ದಿನ ಅವನು ಅವಳಿಗೆ ನೆರವಾದ. ಅಪ್ಪನ ಹೆಸರನ್ನಾಗಲಿ ಕೆಲಸವನ್ನಾಗಲಿ ಅವಳು ಅವನಿಗೆ ಹೇಳಲಿಲ್ಲ, ಎಲ್ಲೂ ಸಿಗದಿದ್ದರೆ ಎಂಬ ನಾಚಿಕೆ. ಹಳೇ ಪತ್ರಿಕೆಗಳ ದಪ್ಪ ದಪ್ಪ ಸಂಪುಟಗಳನ್ನು ಅವಳು ಬರುವ ಮೊದಲೇ ತೆಗೆದು ಜೋಡಿಸಿಡುತ್ತಿದ್ದ. ಒಂದು ದಿನ ಪುಸ್ತಕದ ಧೂಳು ಒರೆಸುವ ಬ್ರಷ್ಷಿನಿಂದ ಅವಳ ಉಗುರಿನ ಪ್ಲಾಸ್ಟರನ್ನು ಬಿಡಿಸಿದ. ಹತ್ತೂ ಉಗುರು ಮುಗಿಯುವವರೆಗೆ ಅವಳು ಉಸಿರು ಬಿಗಿಹಿಡಿದು ಕೂತಿದ್ದಳು.

'ಇದೇನಿದು... ಮನೆಗೆ ಬೆಂಕಿ ಬಿದ್ದಿರೋವಾಗ ನಂಗೇನಾಗ್ತಿದೆ!'

"ಅಪ್ಪ ಈಗ ಉಸಿರಿಗೊಂದೇ ಪದ ಆಡ್ತಾರೆ," ಎಂದಳು, ಏನಾದರೂ ಹೇಳಬೇಕಲ್ಲ ಎಂದು. "ಅದಕ್ಕೇ ಆರಿಸಿ ಆರಿಸಿ ಆಡ್ತಾರೆ."

ಅವನು ಅವಳ ಕೈ ಬಿಡಲಿಲ್ಲ.

ಐದನೇ ದಿನ. ಅಪ್ಪನ ಹೆಸರು ಎಲ್ಲೂ ಸಿಕ್ಕಿರಲಿಲ್ಲ. ಚರ್ಚೆಯಲ್ಲಿ ಬಂದವರೆಲ್ಲ 'ಅಳಿಸಿ' ಎಂದೇ ಬರೆದಿದ್ದರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅವಳು ಗ್ರಂಥಾಲಯದ ಕಂಪ್ಯೂಟರಿನಲ್ಲೇ ಕೂತು ಐದು ಹೊಸ ಖಾತೆ ತೆರೆದಳು. ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಲಾರಿ ಡ್ರೈವರು, ಒಬ್ಬಳು ನರ್ಸು, ಇನ್ನಿಬ್ಬರು ಯಾರೋ. ಐವರೂ 'ಉಳಿಸಿ' ಎಂದರು. ಹನ್ನೊಂದೇ ನಿಮಿಷದಲ್ಲಿ!

ಮೇಷ್ಟ್ರಾಗಿ ಬರೆಯುವಾಗ ಅವಳ ಕೈ ಜಾರಿತು. 'ಈಗ ಉಸಿರಿಗೊಂದೇ ಪದ ಆಡುತ್ತಾರೆ. ಆರಿಸಿ ಆರಿಸಿ ಆಡುತ್ತಾರೆ, ನಮ್ಮಪ್ಪ.'

ಮರುದಿನ ಅವನು ಬಾಗಿಲಲ್ಲೇ ನಿಂತಿದ್ದ.

"ಬನ್ನಿ ಮೇಷ್ಟ್ರೇ."

ಅವಳು ಹೊಸ್ತಿಲಲ್ಲೇ ನಿಂತಳು. "ನಿಮಗೆ... ಹೇಗೆ ಗೊತ್ತು?"

"ಆ 'ಇರುವೆ' ನಾನೇ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಐದು ಹೆಸರಲ್ಲಿ ಮಾತಾಡಿದ್ರಿ," ಎಂದ. "ನನ್ನ ಜೊತೆ ಇಷ್ಟು ದಿನ ನಕ್ಕಿದ್ದು ಆರನೇ ಹೆಸರಾ? ಅದೂ ಒಂದು ಓಟಿಗಾಗಿನಾ?"

"ನೀವು ಇರುವೆ ಅಂತ ನನಗೇನು ಕನಸು ಬಿದ್ದಿತ್ತಾ? ಒಂದು ಕೈಯಲ್ಲಿ ಹುಡುಕೋಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಅಳಿಸೋರು ನೀವು! ಸಾಯ್ತಿರೋ ಮನುಷ್ಯನ ಹೆಸರು ರೀ ಅದು!"

"ಅದು ನಿಮ್ಮಪ್ಪನ ಪುಟ ಅಂತ ಗೊತ್ತಿರ್ಲಿಲ್ಲ..."

"ಗೊತ್ತಿದ್ರೆ?"

ಸುಳ್ಳು ಹೇಳಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು. ಅವನು ಹೇಳಲಿಲ್ಲ.

"ಗೊತ್ತಿದ್ರೂ ಆಧಾರ ಇಲ್ಲ ಅಂತಲೇ ಬರೀಬೇಕಿತ್ತು."

ಕರ್ಚೀಫನ್ನು ಅವನ ಮೇಜಿನ ಮೇಲೆ ಎಸೆದು ಹೊರಟುಬಂದಳು. ದಾರಿಯುದ್ದಕ್ಕೂ ಅತ್ತಳು. ಅಪ್ಪನ ಹೆಸರೂ ಹೋಯಿತು, ಅವನೂ ಹೋದ. ಯಾವುದಕ್ಕೆ ಅಳುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ.

"ಓದು..." ಎಂದರು ಅಪ್ಪ, ಅವಳು ಒಳಗೆ ಬಂದ ಕೂಡಲೇ.

ಫೋನು ತೆರೆದಳು. ಮತ್ತೆ ಮುಚ್ಚಿದಳು. ಅಪ್ಪನ ಮಂಚದ ಅಂಚಿಗೆ ತಲೆಯಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಕೆಂಪು ಪಟ್ಟಿ, ಐದು ಸುಳ್ಳು ಹೆಸರು, ಗ್ರಂಥಾಲಯದವನು... ಎಲ್ಲ.

ಅಪ್ಪ ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ನಾನೇನು... ಎಲೆಕ್ಷನ್‌ಗೆ... ನಿಂತಿದ್ನಾ?"

"ಅಪ್ಪಾ!"

"ಅಳತೆ... ತಪ್ಪಿದ... ಕಾಲು... ಏನ್ಮಾಡ್ತೀವಿ?"

ಅವರ ಕೆಲಸದ ಮನೆಯಲ್ಲಿ ಅದಕ್ಕೊಂದೇ ಕಟ್ಟಳೆ. ಅಳತೆ ತಪ್ಪಿದ ಕಾಲು ಹೊರಗೆ ಹೋಗುವಂತಿಲ್ಲ. ಮಾಡಿದವರೇ ಕೂತು ಕೀಲು ಕೀಲಾಗಿ ಬಿಚ್ಚಬೇಕು.

"ಬಿಚ್ತೀವಿ," ಎಂದಳು ಮೆಲ್ಲಗೆ.

"ಬಿಚ್ಚು."

ಚರ್ಚೆಯ ಪುಟ ತೆರೆದು ಬರೆದಳು. 'ನಾನು ಅವರ ಮಗಳು. ಆ ಐವರೂ ನಾನೇ. ಕ್ಷಮಿಸಿ.' ಕಳಿಸಿದ ಮೇಲೆಯೇ ಅವಳಿಗೆ ಮೇಲಿನ ಸಾಲುಗಳು ಕಂಡವು. ಒಂದು ಗಂಟೆ ಮುಂಚೆ ಬರೆದದ್ದು.

'ಅಳಿಸಲು ಸೂಚಿಸಿದವನು ನಾನೇ. ಆದರೆ ಇನ್ನು ಮುಂದೆ ಇಲ್ಲಿ ನನ್ನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸ್ವಂತ ಹಿತ ಬೆರೆತಲ್ಲಿ ತೀರ್ಪು ಹೇಳಬಾರದು, ಅದನ್ನು ಮುಚ್ಚಿಡಲೂಬಾರದು ಎಂಬುದು ನಮ್ಮ ನಿಯಮ. ಈ ಪುಟ ಬರೆದವರನ್ನು ನಾನು ಪ್ರೀತಿಸುತ್ತೇನೆ. - ಇರುವೆ'

ಕೆಳಗೆ ಯಾರೋ ಅಪರಿಚಿತ ಸಂಪಾದಕ ಕೇಳಿದ್ದ: 'ಅವರಿಗೆ ಗೊತ್ತಾ?'

ಅವಳು ಫೋನನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇಡೀ ಲೋಕ ಓದುವ ಕಡೆ ಬರೆದಿದ್ದಾನಲ್ಲ, ಈ ಹುಚ್ಚ!

ಏಳನೇ ದಿನ ಮಧ್ಯಾಹ್ನ ಪುಟ ಅಳಿಸಿಹೋಯಿತು. ಹೆಸರಿದ್ದ ಜಾಗದಲ್ಲಿ ಖಾಲಿ ಬಿಳುಪು. ಅವಳು ಅದನ್ನೇ ನೋಡುತ್ತ ಕೂತಿದ್ದಾಗ ಯಾರೋ ಬಾಗಿಲು ತಟ್ಟಿದರು.

ಅವನು! ಕೆದರಿದ ಕೂದಲು, ಕೈಯಲ್ಲೊಂದು ಜೆರಾಕ್ಸ್ ಹಾಳೆ.

"ನಿಮ್ಮ ವಿಳಾಸ... ಗ್ರಂಥಾಲಯದ ರಿಜಿಸ್ಟರಿನಲ್ಲಿತ್ತು. ನೋಡಬಾರದಿತ್ತು, ನೋಡಿದೆ. ಬೈಯಿರಿ. ಆದರೆ ಮೊದಲು ಇದನ್ನ ಅಪ್ಪನಿಗೆ ತೋರಿಸ್ಬೇಕು."

ಹಳೇ ಪತ್ರಿಕೆಯ ಚಿತ್ರ. ಒಬ್ಬ ಹೆಂಗಸು ಹೊಸ ಕಾಲು ಮಡಚಿ ನೆಲದ ಮೇಲೆ ಕೂತು ನಗುತ್ತಿದ್ದಾಳೆ. ಎದುರಿಗೆ ಬೆನ್ನು ತಿರುಗಿಸಿ, ಮೊಣಕಾಲೂರಿ ಒಬ್ಬ ಗಂಡಸು. ಕೆಳಗೆ 'ಕಾಲು ಜೋಡಿಸುತ್ತಿರುವ ಕೆಲಸಗಾರ' ಎಂದಷ್ಟೇ ಇತ್ತು.

"ಹೆಸರಿಲ್ಲ," ಎಂದ ಅವನು, ತಪ್ಪು ತನ್ನದೇ ಎಂಬಂತೆ. "ಇದು ಆಧಾರ ಆಗಲ್ಲ. ಆದ್ರೂ..."

ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಮುಖ ಅರಳಿತು.

"ನನ್ನ... ಬೋಳು... ತಲೆ! ಆಗಲೇ... ಬೋಳು!"

ಮೂವರೂ ನಕ್ಕರು. ನಕ್ಕು ಸುಸ್ತಾಗಿ ಅಪ್ಪ ಹಾಳೆಯನ್ನು ಎದೆಯ ಮೇಲಿಟ್ಟುಕೊಂಡರು. ಅವರಿಗೆ ಅಷ್ಟು ಸಾಕಾಗಿತ್ತು. ಸಾಲದೇ ಹೋಗಿದ್ದು ಮಗಳಿಗೆ ಮಾತ್ರ.

ಅವಳು ಅವನತ್ತ ತಿರುಗಿದಳು. "ಮುಂದೆ ಎಂದಾದ್ರೂ ಹೆಸರು ಸಿಕ್ಕರೆ? ಆಗ ನೀವೇ ಪುಟ ಬರೀಬಹುದಾ?"

"ನಾನು ಬರೆಯೋ ಹಾಗಿಲ್ಲ."

"ಎಷ್ಟು ದಿನ?"

ಅವನು ಜೇಬಿನಿಂದ ಆ ಕರ್ಚೀಫನ್ನು ತೆಗೆದು ಅವಳ ಕೈಗಿಟ್ಟ. "ನೀವು ಒಪ್ಪಿದ್ರೆ... ಜೀವನಪೂರ್ತಿ."

ಅವಳು ಅದನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದಳು.

"ಬರೀಬೇಡಿ, ಬಿಡಿ," ಎಂದಳು. "ಕೂತು ಅಪ್ಪನ ಕತೆ ಕೇಳ್ಬಹುದು ತಾನೆ?"

ಅವನು ಅಪ್ಪನ ಮಂಚದ ಪಕ್ಕದ ಕುರ್ಚಿಯನ್ನು ಎಳೆದುಕೊಂಡ. ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅಪ್ಪ ಉಸಿರು ಕೂಡಿಸಿಕೊಂಡು, ಆರಿಸಿ, ಮೊದಲ ಪದ ಆಡಿದರು.

"ಆವತ್ತು..."